ಆಯುಧಪೂಜೆಗೆ ರಜೆಯಿಲ್ಲದ ಯಂತ್ರ

ನನ್ನ ವಿಸಿಟಿಂಗ್ ಕಾರ್ಡಿನ ಮೇಲೆ 'ಪರಿಸರ ತಂತ್ರಜ್ಞಾನ ಉದ್ಯಮಿ' ಎಂದು ಅಚ್ಚಾಗಿದೆ. ಬಳಗದವರ ಬಾಯಲ್ಲಿ ಅದು 'ಅವಳ ಕಸದ ಕೆಲಸ'. ಶಿವಮೊಗ್ಗದಲ್ಲಿ ನಮ್ಮ ಕಡೆಯ ಯಾವ ಮದುವೆ, ನಾಮಕರಣಕ್ಕೆ ಹೋದರೂ ನಾನು ಊಟ ಮುಗಿಸಿ ಎಲೆ ಮಡಚುವ ಹೊತ್ತಿಗೆ ಸರಿಯಾಗಿ ಯಾರಾದರೂ ಒಬ್ಬರು ಬಂದು, “ಇದನ್ನೆಲ್ಲ ನೀನೇ ತಗೊಂಡೋಗ್ತೀಯೇನೇ?” ಎಂದು ಕೇಳಿ ತಾವೇ ನಗುತ್ತಾರೆ. ಮೊದಮೊದಲು ನಾನೂ ಜೊತೆಗೆ ನಗುತ್ತಿದ್ದೆ. ಈಗ ನಗುವುದಿಲ್ಲ, ಏಕೆಂದರೆ ನಿಜವಾಗಿಯೂ ತೆಗೆದುಕೊಂಡು ಹೋಗುತ್ತೇನೆ.

ಈ ಕೆಲಸಕ್ಕೆ ನಾನು ಬಿದ್ದದ್ದು ನನ್ನದೇ ಮದುವೆಯ ಮಾರನೆಯ ದಿನ. ಗಡಿಬಿಡಿಯಲ್ಲಿ ಒಂದು ಕಿವಿಯ ಜುಮುಕಿ ಕಳೆದುಹೋಗಿತ್ತು. ಊಟಕ್ಕೆ ಕೂತಾಗ ಎಲೆಯಲ್ಲಿ ಬಿದ್ದು, ಎಲೆಯ ಜೊತೆಗೇ ಹೋಗಿರಬೇಕು ಎಂದು ಯಾರೋ ಹೇಳಿದರು. ಕೈತುಂಬ ಹಸಿರು ಬಳೆ ಹಾಕಿಕೊಂಡ ಮದುಮಗಳು ಛತ್ರದ ಹಿಂದಿನ ಎಲೆರಾಶಿಯ ಮುಂದೆ ಒಂದು ಕೋಲು ಹಿಡಿದು ನಿಂತೆ. ಎರಡು ಹಂದಿಗಳು ಆಗಲೇ ನನ್ನ ಮದುವೆಯ ಊಟದ ಎರಡನೇ ಪಂಕ್ತಿಗೆ ಕೂತಿದ್ದವು. ನಾತ ಎಂದರೆ ಎಂಥ ನಾತ! ಇಷ್ಟು ಒಳ್ಳೆಯ ಬಿಸಿಬೇಳೆಭಾತು ಒಂದೇ ದಿನಕ್ಕೆ ಹೀಗಾಗಿಬಿಡಬಹುದೆಂದು ನನಗೆ ಗೊತ್ತಿರಲಿಲ್ಲ. ಕೋಲಿನಿಂದ ಕೆದಕಿದಾಗ ಒಳಗಿನಿಂದ ಹಬೆ ಬಂತು. ಆಗ ನಾನು ಎಂಜಿನಿಯರಿಂಗ್ ಕಾಲೇಜಿನಲ್ಲಿ ಶಾಖದ ಪಾಠ ಮಾಡುತ್ತಿದ್ದವಳು. ಒಲೆಯಿಲ್ಲ, ಬೆಂಕಿಯಿಲ್ಲ, ಆದರೂ ರಾಶಿ ತಾನೇ ತಾನಾಗಿ ಬೇಯುತ್ತಿದೆ. ಇದಕ್ಕೆ ಸರಿಯಾಗಿ ಗಾಳಿ ಕೊಟ್ಟು ಮಗುಚುತ್ತ ಇದ್ದರೆ ನಾತವೂ ಇರುವುದಿಲ್ಲ, ಗೊಬ್ಬರವೂ ಆಗುತ್ತದಲ್ಲ ಎಂದು ಅಲ್ಲೇ ನಿಂತು ಯೋಚಿಸತೊಡಗಿದೆ. ಜುಮುಕಿ ಸಿಗಲಿಲ್ಲ. “ಜುಮುಕಿ ಹುಡುಕಕ್ಕೆ ಹೋದೋಳು ಕೆಲಸಾನೂ ಕಳ್ಕೊಂಡು ಬಂದ್ಲು” ಎಂದು ನನ್ನ ಗಂಡ ಇಂದಿಗೂ ನೆಂಟರ ಮುಂದೆ ಹೇಳುತ್ತಾರೆ.

ಕೆಲಸ ಬಿಟ್ಟದ್ದು ಅದೇ ದಿನವಲ್ಲ. ಮೊದಲು ಸ್ಪರ್ಧೆಗಳಿಗೆ ಹೋದೆ. ಹೊಸ ಉದ್ಯಮಿಗಳಿಗೆಂದು ಊರೂರಿನಲ್ಲಿ ಸ್ಪರ್ಧೆ ನಡೆಯುತ್ತಿದ್ದ ಕಾಲ. ಪರದೆಯ ಮೇಲೆ ಬಣ್ಣಬಣ್ಣದ ಚಿತ್ರ ತೋರಿಸಿ ಇಂಗ್ಲಿಷಿನಲ್ಲಿ ಮಾತಾಡಿದರೆ ಸಾಕು, ವೇದಿಕೆಯ ಮೇಲೆ ಕರೆದು ಒಂದು ಶಾಲು, ಒಂದು ಸಸಿ, ಒಂದು ಫಲಕ ಕೊಟ್ಟು ಕಳಿಸುತ್ತಿದ್ದರು. ಸಸಿ ಪ್ಲಾಸ್ಟಿಕ್ ಕುಂಡದಲ್ಲಿ, ಫಲಕ ಪ್ಲಾಸ್ಟಿಕ್ ಹೊದಿಕೆಯಲ್ಲಿ, ಹಿಂದುಗಡೆ ನನ್ನ ಮುಖವಿರುವ ಆಳೆತ್ತರದ ಫ್ಲೆಕ್ಸು. ಪ್ಲಾಸ್ಟಿಕ್ ವಿರುದ್ಧ ನಾನು ಮಾತಾಡಿದ ಪ್ರತಿ ಸಲವೂ ನಮ್ಮ ಮನೆಯಲ್ಲಿ ಪ್ಲಾಸ್ಟಿಕ್ ಹೆಚ್ಚಾಯಿತು. ಯಂತ್ರ ಮಾತ್ರ ಚಿತ್ರದಲ್ಲೇ ಇತ್ತು. ನನಗೆ ಸಿಟ್ಟು ಬೇಗ ಬರುತ್ತದೆ. ಒಂದು ದಿನ ವೇದಿಕೆಯಿಂದ ಇಳಿದವಳೇ ಕಾಲೇಜಿಗೆ ರಾಜೀನಾಮೆ ಬರೆದುಕೊಟ್ಟು, ಇನ್ನು ಚಿತ್ರ ಸಾಕು, ತಗಡು ಬಗ್ಗಿಸುವವರು ಬೇಕು ಎಂದು ಭದ್ರಾವತಿಯ ಬಸ್ಸು ಹತ್ತಿದೆ.

ಭದ್ರಾವತಿಯಲ್ಲಿ ಕಬ್ಬಿಣ ಬಗ್ಗಿಸುವವರಿಗೆ ಬರವಿಲ್ಲ. ನನಗೆ ಸಿಕ್ಕವರು ಗೇಟು, ಗ್ರಿಲ್ಲು, ಟ್ರ್ಯಾಕ್ಟರ್ ಟ್ರೈಲರ್ ಮಾಡುವ ಒಂದು ಶೆಡ್ಡಿನ ಯಜಮಾನರು. ವಯಸ್ಸಿನಲ್ಲಿ ನನಗಿಂತ ಸಾಕಷ್ಟು ಹಿರಿಯರು. ಎಲ್ಲರೂ ಭಾಯ್ ಎನ್ನುತ್ತಿದ್ದರು, ನಾನೂ ಭಾಯ್ ಎಂದೆ. ನಾನು ಲ್ಯಾಪ್‌ಟಾಪಿನಲ್ಲಿ ಬಿಡಿಸಿದ್ದನ್ನು ತೋರಿಸಿದೆ: ಒಂದು ದೊಡ್ಡ ಡ್ರಮ್ಮು, ಒಳಗೆ ಮಗುಚಲು ರೆಕ್ಕೆಗಳು, ಗಾಳಿ ಊದಲು ಬ್ಲೋವರ್, ಬಿಸಿ ಮತ್ತು ವಾಸನೆ ಅಳೆದು ನನ್ನ ಫೋನಿಗೆ ಸುದ್ದಿ ಕಳಿಸಲು ಸೆನ್ಸರುಗಳು. ಅವರು ಬಹಳ ಹೊತ್ತು ನೋಡಿ, “ಎಲ್ಲಾ ಸರಿ ಮೇಡಂ, ತಗಡು ತೆಳ್ಳಗಾಯ್ತು” ಎಂದರು. ತೆಳ್ಳಗಿನ ತಗಡು ಕಂಡರೆ ಅವರಿಗೆ ತೆಳ್ಳಗಿನ ಸಾರು ಕಂಡಷ್ಟೇ ಕೋಪ. ಅವರ ಕೈಯಲ್ಲಿ ನನ್ನ ಡ್ರಮ್ಮು ದಪ್ಪವಾಯಿತು. ಅದನ್ನು ತಿರುಗಿಸಲು ದೊಡ್ಡ ಮೋಟಾರು ಬೇಕಾಯಿತು. ಮೋಟಾರನ್ನು ಹೊರಲು ಇನ್ನೂ ದಪ್ಪನೆಯ ಸ್ಟ್ಯಾಂಡು ಬೇಕಾಯಿತು. ಮೂಗಿಗಿಂತ ಮೂಗುತಿ ಭಾರ ಎಂದು ನಾನು ಗೊಣಗಿದೆ. “ಭಾರ ಇದ್ರೇನೇ ಮೇಡಂ ಜನ ಗೌರವ ಕೊಡೋದು” ಎಂದು ಅವರು ವೆಲ್ಡಿಂಗ್ ಮುಖವಾಡ ಎಳೆದುಕೊಂಡರು. ಕೆಲವು ತಿಂಗಳಾದ ಮೇಲೆ ಗೇಟಿನ ಕೆಲಸ ಒಪ್ಪಿಕೊಳ್ಳುವುದನ್ನೇ ನಿಲ್ಲಿಸಿ, ಶೆಡ್ಡಿನ ಮುಂದಿನ ಹಳೆಯ ಬೋರ್ಡಿಗೆ ಹಸಿರು ಬಣ್ಣ ಬಳಿಸಿದರು. ಅದನ್ನು ನೋಡಿದ ದಿನ ನನಗೆ ಖುಷಿಗಿಂತ ಹೆಚ್ಚಾಗಿ ಹೆದರಿಕೆಯಾಯಿತು.

ಯಂತ್ರವಾಯಿತು, ಇಡಲು ಛತ್ರ ಬೇಕಲ್ಲ. ಶಿವಮೊಗ್ಗದ ಛತ್ರದ ಯಜಮಾನರುಗಳೆಲ್ಲ ನನ್ನ ಮಾತನ್ನು ತಲೆದೂಗಿ ಕೇಳಿ, ಕಾಫಿ ಕೊಟ್ಟು, “ಬೇರೆ ಯಾರಾದ್ರೂ ಹಾಕ್ಸಿದ್ರೆ ಹೇಳಿ, ನೋಡ್ಕೊಂಡು ಬರ್ತೀವಿ” ಎನ್ನುತ್ತಿದ್ದರು. ಎಲ್ಲರೂ ಬೇರೆಯವರಿಗಾಗಿ ಕಾಯುತ್ತಿದ್ದರೆ ಆ ಬೇರೆಯವರು ಎಲ್ಲಿಂದ ಬರಬೇಕು? ಕೊನೆಗೆ ಸವಳಂಗ ರಸ್ತೆಯ ಕಡೆ ಒಂದು ಛತ್ರದವರು ಒಪ್ಪಿದರು. ಯಜಮಾನರು ಕುಂಸಿಯ ಕಡೆಯ ಕೃಷಿಕರ ಮನೆತನದವರು, ಈಗ ಪೇಟೆಯಲ್ಲಿ ಛತ್ರ ನಡೆಸುತ್ತಾರೆ. ನಡೆಸುತ್ತಾರೆ ಎಂದೆ, ನಿಜವಾಗಿ ನಡೆಸುವುದು ಅವರ ತಾಯಿ. ಉಗ್ರಾಣದ ಬೀಗದ ಕೈ ಸೊಂಟದಲ್ಲಿ, ಕುರ್ಚಿ ಉಗ್ರಾಣದ ಬಾಗಿಲಲ್ಲಿ. ಅಡುಗೆಯವರಿಂದ ಹಿಡಿದು ಪುರೋಹಿತರವರೆಗೆ ಎಲ್ಲರೂ ಅವರನ್ನು ದೊಡ್ಡಮ್ಮ ಎನ್ನುತ್ತಿದ್ದರು. ಒಗ್ಗರಣೆಯ ಸದ್ದು ಕೇಳಿಯೇ ಸಾಸಿವೆ ಹೆಚ್ಚಾಯಿತು ಎನ್ನುವ ಹೆಂಗಸು.

ಭದ್ರಾವತಿಯಿಂದ ಗೂಡ್ಸ್ ಟೆಂಪೋದಲ್ಲಿ ಯಂತ್ರ ತಂದೆವು. ಛತ್ರದ ಹಿಂಬದಿಯ ಗೇಟಿನಲ್ಲಿ ಅದು ತೂರಲಿಲ್ಲ. ನಾಲ್ಕು ಬೆರಳಷ್ಟು ಸಾಲದು. ಗೇಟಿನ ಎರಡೂ ಬದಿಗೆ ಕಬ್ಬಿಣದ ಕಂಬಗಳು, ಆನೆ ಕಟ್ಟಿದರೂ ಅಲುಗದಂಥವು. ಬಿಸಿಲಿನಲ್ಲಿ ನಿಂತು ನನ್ನ ತಲೆ ಕೆಟ್ಟಿತ್ತು. “ಯಾವ ಪುಣ್ಯಾತ್ಮ ಮಾಡಿದ್ದು ಈ ಗೇಟು?” ಎಂದು ಕೂಗಿದೆ. ಭಾಯ್ ಕಂಬವನ್ನು ಸವರಿ, ಬೆಸುಗೆಯ ಗುರುತು ನೋಡಿ, “ಕೆಲಸ ಚೆನ್ನಾಗಿದೆ ಮೇಡಂ. ನಂದೇ” ಎಂದರು. ಆ ಮಧ್ಯಾಹ್ನವಿಡೀ ಅವರು ಗ್ರೈಂಡರ್ ಹಿಡಿದು ತಮ್ಮ ಯೌವನದ ಕೆಲಸದ ಜೊತೆ ಗುದ್ದಾಡಿದರು. ಕಂಬ ಜಗ್ಗದಾಗಲೆಲ್ಲ ಒಂದು ಬೈಗುಳ, ಅದರ ಹಿಂದೆಯೇ ಒಂದು ಹೆಮ್ಮೆಯ ನಗು. ಗೇಟು ಅಗಲವಾಯಿತು, ಯಂತ್ರ ಒಳಗೆ ಹೋಯಿತು. ದೊಡ್ಡಮ್ಮ ಕುಂಸಿಯ ತಮ್ಮ ಮನೆಯಿಂದ ಎರಡು ಬಕೆಟ್ ಸಗಣಿ ತರಿಸಿಕೊಟ್ಟರು. ಮೊಸರಿಗೆ ಹೆಪ್ಪು ಇದ್ದಂತೆ ನನ್ನ ಯಂತ್ರಕ್ಕೆ ಮೊದಲು ಸಗಣಿಯ ಹೆಪ್ಪು ಬೇಕಾಗುತ್ತದೆ.

ಯಜಮಾನರ ಷರತ್ತು ಸರಳವಾಗಿತ್ತು. “ವಿಜಯದಶಮಿ ದಿನ ನನ್ನ ಮಗಳ ನಿಶ್ಚಿತಾರ್ಥ ಇಲ್ಲೇ ಇಟ್ಕೊಂಡಿದೀವಿ ಮೇಡಂ. ಬೀಗ್ರು ಬರ್ತಾರೆ. ಅವತ್ತು ವಾಸನೆ ಬರದೇ ಇದ್ರೆ ಮಿಷಿನ್ ನಾನು ಇಟ್ಕೊಳ್ತೀನಿ, ಬೇರೆ ಛತ್ರದೋರಿಗೂ ನಾನೇ ಹೇಳ್ತೀನಿ. ಬಂತು ಅಂದ್ರೆ, ಗೇಟು ಹೆಂಗೂ ದೊಡ್ಡದು ಮಾಡಿದೀರಿ, ಹಂಗೇ ವಾಪಸ್ ತಗೊಂಡೋಗಿ.”

ಇದು ಬರಿಯ ಒಂದು ಯಂತ್ರದ ಪ್ರಶ್ನೆಯಾಗಿರಲಿಲ್ಲ. ಕಾಲೇಜಿನ ನಮ್ಮ ವಿಭಾಗದ ಮುಖ್ಯಸ್ಥರು ಒಳ್ಳೆಯವರು. ನನ್ನ ಜಾಗ ಇನ್ನೂ ಖಾಲಿ ಇದೆ, ದಸರಾ ರಜೆ ಮುಗಿಯುವುದರೊಳಗೆ ಹೇಳಿಬಿಡು ಎಂದು ಫೋನ್ ಮಾಡಿದ್ದರು. ನನ್ನ ಗಂಡ ಯಾವತ್ತೂ ಕೆಲಸ ನಿಲ್ಲಿಸು ಎಂದವರಲ್ಲ. ಆದರೆ ಆ ಸಲ, “ಆಯ್ತು, ಇದೊಂದು ನೋಡೋಣ” ಎಂದರು. ಇದೊಂದು ನೋಡೋಣ ಎಂದರೆ ಇದೇ ಕೊನೆಯದು ಎಂದು ಅರ್ಥ, ಅದು ಮದುವೆಯಾದ ಹೆಂಗಸರಿಗೆಲ್ಲ ಗೊತ್ತು. ಈ ಡ್ರಮ್ಮು ವಾಪಸು ಬಂದರೆ ನಾನು ಕಪ್ಪುಹಲಗೆಯ ಮುಂದೆ, ಭಾಯ್ ಗೇಟಿನ ಮುಂದೆ. ನನಗೆ ನಿದ್ದೆ ಬರುತ್ತಿರಲಿಲ್ಲ.

ನವರಾತ್ರಿ ಚೆನ್ನಾಗಿಯೇ ಸಾಗಿತು. ದಿನವೂ ಫೋನ್ ತೆಗೆದು ನೋಡುವುದು, ಬಿಸಿ ಸರಿಯಾಗಿದೆ, ಗಾಳಿ ಸರಿಯಾಗಿದೆ, ವಾಸನೆ ಇಲ್ಲ. ಆಯುಧಪೂಜೆಯ ಹಿಂದಿನ ದಿನ ಛತ್ರದಲ್ಲಿ ದೊಡ್ಡದೊಂದು ಸೀಮಂತವಿತ್ತು. ಎಲೆ, ಅನ್ನ, ಸಾಂಬಾರು, ಪಾಯಸ ಎಲ್ಲವನ್ನೂ ಯಂತ್ರ ಹೊಟ್ಟೆ ತುಂಬ ತಿಂದು ಗುರ್ ಎನ್ನುತ್ತ ಜೀರ್ಣ ಮಾಡಿಕೊಳ್ಳುತ್ತಿತ್ತು. ಮಾರನೆಯ ದಿನ ಬೆಳಿಗ್ಗೆ ನಾನು ಮನೆಯಲ್ಲಿ ಸ್ಕೂಟರಿಗೆ ಹೂವಿಟ್ಟು, ಚಕ್ರದ ಕೆಳಗೆ ನಿಂಬೆಹಣ್ಣು ಇಡುವಾಗ ಫೋನು ಕೂಗಿತು. 'ಗಾಳಿ ನಿಂತಿದೆ' ಎಂದು ಬಂತು. ಹಿಂದೆಯೇ ಇನ್ನೊಂದು: 'ವಾಸನೆ ಇಲ್ಲ'. ಅಷ್ಟು ತಿಂದ ಹೊಟ್ಟೆಗೆ ಗಾಳಿ ನಿಂತು, ವಾಸನೆಯೂ ಇಲ್ಲದಿರಬೇಕಾದರೆ ಪ್ರಪಂಚದಲ್ಲೇ ಏನೋ ಹೆಚ್ಚುಕಡಿಮೆಯಾಗಿರಬೇಕು. ಛತ್ರಕ್ಕೆ ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ. ನಿಂಬೆಹಣ್ಣಿನ ಮೇಲೆಯೇ ಸ್ಕೂಟರ್ ಹತ್ತಿಸಿಕೊಂಡು ಹೊರಟೆ.

ಆಯುಧಪೂಜೆಯ ದಿನ ನಮ್ಮ ಊರಿನಲ್ಲಿ ಸ್ಕೂಟರ್ ಓಡಿಸುವುದು ಒಂದು ವಿದ್ಯೆ. ಪ್ರತಿ ಅಂಗಡಿಯ ಮುಂದೆ ಒಡೆದ ಬೂದುಗುಂಬಳ, ಕುಂಕುಮದ ನೀರು, ಬಾಳೆಕಂದು ಕಟ್ಟಿದ ಲಾರಿಗಳು. ಎರಡು ಕಡೆ ಜಾರಿದೆ. ಛತ್ರ ಮುಟ್ಟುವ ಹೊತ್ತಿಗೆ ನನ್ನ ಸೀರೆಯ ಅಂಚು ಕುಂಬಳದ ತಿರುಳಿನಿಂದ ಅಂಟಂಟಾಗಿತ್ತು.

ನನ್ನ ಯಂತ್ರವನ್ನು ನೋಡಿದೆ. ಎರಡು ಬದಿಗೆ ಬಾಳೆಕಂದು. ಡ್ರಮ್ಮಿನ ಮೇಲೆ ವಿಭೂತಿಯ ಮೂರು ಪಟ್ಟೆ. ಬ್ಲೋವರಿನ ಬಾಯಿಗೆ ಸೇವಂತಿಗೆ ಹಾರ. ವಾಸನೆ ಅಳೆಯುವ ಸೆನ್ಸರ್ ಒಂದು ಪುಟ್ಟ ಕಣ್ಣಿನಂತೆ ಹೊರಗೆ ಕಾಣುತ್ತದೆ. ಅದರ ಮೇಲೆ ಒಳ್ಳೆಯ ಗಂಧವನ್ನು ತೇದು ಮೆತ್ತಿ, ನಡುವೆ ಕುಂಕುಮವಿಟ್ಟಿದ್ದರು. ವಾಸನೆ ಇಲ್ಲ ಎಂದು ಅದು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಸೆನ್ಸರು ಬ್ಯಾಟರಿಯಲ್ಲಿ ನಡೆಯುತ್ತಿತ್ತು, ಮೋಟಾರು, ಬ್ಲೋವರಿನ ಸ್ವಿಚ್ಚು ಮಾತ್ರ ಆಫ್ ಆಗಿತ್ತು. ಅದಕ್ಕೊಂದು ಕೆಂಪು ಬಟ್ಟೆ ಕಟ್ಟಿತ್ತು. ಮುಚ್ಚಳದ ಸಂದಿಯಿಂದ ಹುಳಿಯೊಡೆದ ದೋಸೆಹಿಟ್ಟಿನ ವಾಸನೆ ಆಗಲೇ ಹೊರಟಿತ್ತು. ಇದು ಸಂಜೆಗೆ ಏನಾಗುತ್ತದೆ, ನಾಳೆ ಬೀಗರು ಬರುವ ಹೊತ್ತಿಗೆ ಏನಾಗುತ್ತದೆ ಎಂದು ನನಗೆ ಗೊತ್ತು. ನಾನು ಕೆಂಪು ಬಟ್ಟೆಗೆ ಕೈ ಹಾಕಿದೆ.

“ಏಯ್! ಮುಟ್ಟಬೇಡ!” ದೊಡ್ಡಮ್ಮ ಉಗ್ರಾಣದಿಂದ ಎದ್ದು ಬಂದರು. ಅವರು ಕುರ್ಚಿಯಿಂದ ಎದ್ದದ್ದನ್ನು ನಾನು ಅದೇ ಮೊದಲು ನೋಡಿದ್ದು. “ಪೂಜೆ ಆದ್ಮೇಲೆ ಮಿಷಿನ್ ಮುಟ್ತಾರಾ ಮಾರಾಯ್ತಿ? ವರ್ಷಕ್ಕೊಂದಿನ ಅದಕ್ಕೂ ರೆಸ್ಟ್ ಬೇಡ್ವಾ? ಗ್ರೈಂಡರ್ ಮುಟ್ಟಿಲ್ಲ, ಮಿಕ್ಸಿ ಮುಟ್ಟಿಲ್ಲ. ನಾಳೆ ಬೆಳಗ್ಗೆ ಪೂಜೆ ತೆಗೆದು ಹಾಕೋಣ.”

“ಅಮ್ಮಾ, ಇದಕ್ಕೆ ಒಳಗೆ ಆಮ್ಲಜನಕ ಬೇಕು.”

“ಆಮ್ಲಜನಕ ಅಂಗಳದ ತುಂಬಾ ಇದೆ. ಮುಚ್ಚಳ ತೆಗೆದಿಡು.”

“ಮಗುಚಬೇಕಮ್ಮಾ. ಇಲ್ದಿದ್ರೆ ನಾಳೆ ಇಲ್ಲಿ ಯಾರೂ ನಿಲ್ಲಕ್ಕಾಗಲ್ಲ.”

“ನಿನ್ನ ಜೊತೆ ಮಿಷಿನ್ ಮಾಡಿದ್ನಲ್ಲ, ಅವ್ನೇ ಬೆಳಗ್ಗೆ ಫೋನ್ ಮಾಡಿ ಹೇಳಿದ್ದು. ಮೊದಲ್ನೇ ವರ್ಷದ ಪೂಜೆ, ಸರಿಯಾಗಿ ಮಾಡಿ, ಸ್ವಿಚ್ ಆಫ್ ಮಾಡಿ ಬಟ್ಟೆ ಕಟ್ಬಿಡಿ ಅಂತ. ಅವನಿಗಿಂತ ನಿಂಗೆ ಜಾಸ್ತಿ ಗೊತ್ತಾ?”

ಬೇಲಿಯೇ ಎದ್ದು ಹೊಲ ಮೇಯ್ದಿತ್ತು! ಭಾಯ್‌ಗೆ ಫೋನ್ ಮಾಡಿದೆ. ಆ ಕಡೆ ಶೆಡ್ಡಿನಲ್ಲಿ ಗದ್ದಲ, ಊದುಬತ್ತಿಯ ಹೊಗೆ ಫೋನಿನಲ್ಲೇ ಮೂಗಿಗೆ ಬಂದಂತಾಯಿತು. ಭಾಯ್ ನಮಾಜು ತಪ್ಪಿಸುವವರಲ್ಲ, ಆಯುಧಪೂಜೆಯನ್ನೂ ತಪ್ಪಿಸುವವರಲ್ಲ. ಅವರಿಗೆ ಕೆಲಸ ಕಲಿಸಿದ್ದು ಭದ್ರಾವತಿಯ ಉಕ್ಕಿನ ಕಾರ್ಖಾನೆಯ ಒಬ್ಬ ತಮಿಳು ಮೇಸ್ತ್ರಿ. ಪೂಜೆಯ ದಿನ ಸ್ಪ್ಯಾನರ್ ಮುಟ್ಟಿದ್ದಕ್ಕೆ ಅದೇ ಸ್ಪ್ಯಾನರಿನಿಂದ ಬೆರಳಗಂಟಿಗೆ ಬಾರಿಸಿದ ಗುರು. ಅಂದಿನಿಂದ ಅವರ ಶೆಡ್ಡಿನಲ್ಲಿ ಪೂಜೆಗೆ ಕೆಲಸದವರು ಕೈ ಮುಗಿಯುತ್ತಾರೆ, ಭಾಯ್ ಪಕ್ಕದಲ್ಲಿ ಕೈಕಟ್ಟಿ ನಿಂತು ಯಾರೂ ಏನನ್ನೂ ಮುಟ್ಟದಂತೆ ಕಾಯುತ್ತಾರೆ.

“ಪೂಜೆ ಆಯ್ತಾ ಮೇಡಂ?” ಎಂದು ಕೇಳಿದರು.

“ಆಗಿದೆ. ಅದೇ ನೋಡಿ ಕಷ್ಟ.”

“ಆಗಿದ್ರೆ ಮುಗೀತು. ನಾಳೆನೇ. ಉಸ್ತಾದ್ ಮಾತು ಮೀರಕ್ಕಾಗಲ್ಲ.”

“ಭಾಯ್, ನಾಳೆ ನಿಶ್ಚಿತಾರ್ಥ! ವಾಸನೆ ಬಂದ್ರೆ ನಾವಿಬ್ರೂ ಮನೆಗೆ!”

“ಬರ್ತೀನಿ ಇರಿ” ಎಂದರು. “ಬೈಕಿಗೆ ಪೂಜೆ ಆಗಿದೆ. ಬಸ್ಸಲ್ಲಿ ಬರ್ತೀನಿ.”

ಅವರು ಬಸ್ಸಿನಲ್ಲಿ ಬರುವವರೆಗೆ ನಾನು ಏನು ಮಾಡಲಿ? ಯಜಮಾನರು ನಾಳೆಯ ತರಕಾರಿಗೆ ಹೋಗಿದ್ದರು. ಇದ್ದವರು ದೊಡ್ಡಮ್ಮ ಒಬ್ಬರೇ. ಅವರ ಕುರ್ಚಿಯ ಪಕ್ಕ ನೆಲದ ಮೇಲೆ ಕುಕ್ಕರಿಸಿದೆ. ನನಗೆ ನಿಜವಾಗಿಯೂ ಅಳು ಬರುತ್ತಿತ್ತು. ಇಷ್ಟು ವರ್ಷ ಓದಿ, ಕೆಲಸ ಬಿಟ್ಟು, ಬಿಸಿಲಲ್ಲಿ ಅಲೆದು ಮಾಡಿದ್ದು ಒಂದು ಸೇವಂತಿಗೆ ಹಾರದ ಮುಂದೆ ಸೋಲುತ್ತಿದೆಯಲ್ಲ ಎಂದು ಹೊಟ್ಟೆ ಉರಿಯಿತು.

“ಒಂದಿನ ರಜ ಕೊಟ್ರೆ ಸತ್ತೋಗತ್ತಾ ಅದು?” ದೊಡ್ಡಮ್ಮ ಕೇಳಿದರು. ದನಿಯಲ್ಲಿ ಈಗ ಗದರಿಕೆ ಇರಲಿಲ್ಲ.

“ಹೂಂ ಅಮ್ಮಾ. ಸಾಯತ್ತೆ.”

“ಮಿಷಿನ್ ಸಾಯೋದು ಅಂದ್ರೇನೇ?”

“ಮಿಷಿನ್ ಅಲ್ಲಮ್ಮಾ, ಒಳಗಿರೋದು. ಕಣ್ಣಿಗೆ ಕಾಣಲ್ಲ ಅಷ್ಟೇ. ಅದೇ ತಿನ್ನೋದು, ಅದೇ ಉಸಿರಾಡೋದು. ಗಾಳಿ ನಿಲ್ಸಿದ್ರೆ ಉಸಿರು ಕಟ್ಟತ್ತೆ. ನಿಮ್ಮ ಕುಂಸಿ ಮನೆ ಸಗಣಿ ಹಾಕಿದ್ವಲ್ಲ, ಅದರಿಂದಾನೇ ಹುಟ್ಟಿದ್ದು ಎಲ್ಲಾ. ಹಸುವಿನ ಹೊಟ್ಟೇಲಿ ಏನಿರತ್ತೋ ಇಲ್ಲೂ ಅದೇ ಇರೋದು.”

ನಾನು ಇದನ್ನು ಉಪಾಯ ಮಾಡಿ ಹೇಳಿದ್ದಲ್ಲ, ಸುಸ್ತಾಗಿ ಹೇಳಿದ್ದು. ದೊಡ್ಡಮ್ಮ ಅಡಿಕೆ ಹೋಳನ್ನು ಒಂದು ದವಡೆಯಿಂದ ಇನ್ನೊಂದು ದವಡೆಗೆ ತಳ್ಳಿ, ಯಂತ್ರವನ್ನು ದಿಟ್ಟಿಸಿ ನೋಡಿದರು.

“ತಿನ್ನತ್ತೆ.”

“ತಿನ್ನತ್ತೆ.”

“ಉಸಿರಾಡತ್ತೆ. ಗೊಬ್ಬರ ಹಾಕತ್ತೆ. ನಮ್ಮನೆ ಕೊಟ್ಟಿಗೆದೇ.”

“ಹೌದಮ್ಮಾ.”

“ಮೊದ್ಲೇ ಹೇಳಬಾರ್ದಾ ಮಾರಾಯ್ತಿ!” ದೊಡ್ಡಮ್ಮ ಎದ್ದೇಬಿಟ್ಟರು. “ಇದು ಮಿಷಿನ್ ಎಲ್ಲಿ ಆಯ್ತು? ಇದು ದನ! ದನಕ್ಕೆ ಯಾರಾದ್ರೂ ಆಯುಧಪೂಜೆ ಮಾಡ್ತಾರಾ? ದನದ ಪೂಜೆ ದೀಪಾವಳಿ ಪಾಡ್ಯಕ್ಕೆ. ಹಬ್ಬ ಅಂತ ಮೂಕಪ್ರಾಣಿನ ಉಪವಾಸ ಕಟ್ಟಿಹಾಕಿದ್ರೆ ಪಾಪ ಬರಲ್ವಾ? ತೆಗಿ, ತೆಗಿ ಆ ಬಟ್ಟೆ!”

ಅವರೇ ಕೆಂಪು ಬಟ್ಟೆ ಬಿಚ್ಚಿದರು. ಸೆನ್ಸರಿನ ಗಂಧವನ್ನು ತಮ್ಮ ಸೆರಗಿನಿಂದಲೇ ಒರೆಸಿ, “ಪಾಪ, ಕಣ್ಣಿಗೇ ಮೆತ್ತಿಬಿಟ್ಟಿದಾರೆ” ಎಂದರು. ನಾನು ಸ್ವಿಚ್ಚು ಒತ್ತಿದೆ.

ಉಸಿರು ಕಟ್ಟಿದ ಹೊಟ್ಟೆ ಮೊದಲು ಏನು ಮಾಡುತ್ತದೆ? ಒಳಗಿದ್ದ ಅಷ್ಟೂ ನಾತವನ್ನು ಬ್ಲೋವರ್ ಒಂದೇ ಸಲಕ್ಕೆ ಹೊರಗೆ ದಬ್ಬಿತು. ಸೇವಂತಿಗೆ ಹಾರ ಸರಕ್ಕನೆ ಒಳಗೆ ಹೋಗಿ ಎಸಳೆಸಳಾಗಿ ಇನ್ನೊಂದು ಕಡೆಯಿಂದ ಹಾರಿಬಂತು. ಊಟದ ಹಾಲ್‌ನಲ್ಲಿ ನಾಳೆಗೆ ಕುರ್ಚಿ ಜೋಡಿಸುತ್ತಿದ್ದವರು ಮೂಗು ಮುಚ್ಚಿಕೊಂಡು ರಸ್ತೆಗೆ ಓಡಿದರು. ಫೋನಿನಲ್ಲಿ ಈಗ ಕೆಂಪು ಅಕ್ಷರ ಬಂತು: 'ವಾಸನೆ ವಿಪರೀತ'. ಗಂಧ ತೆಗೆದದ್ದೇ ತಪ್ಪಾಯಿತೇನೋ ಎನಿಸಿತು.

ಒಳಗಿನದು ನೀರುನೀರಾಗಿ ಮುದ್ದೆಯಾಗಿತ್ತು. ಒಣಗಿದ್ದೇನಾದರೂ ಬೆರೆಸಿ ನೀರು ಹೀರಿಸಬೇಕು, ಆಗ ಗಾಳಿಗೆ ದಾರಿಯಾಗುತ್ತದೆ. ಮಾಮೂಲಿ ದಿನವಾದರೆ ಸಾಮಿಲ್ಲಿನ ಹೊಟ್ಟು ತರುತ್ತಿದ್ದೆ. ಫೋನ್ ಮಾಡಿದೆ, ಸಾಮಿಲ್ಲಿನವರು ಗರಗಸಕ್ಕೆ ಪೂಜೆ ಮಾಡಿ ಬಾಗಿಲು ಹಾಕಿ ಊರಿಗೆ ಹೋಗಿದ್ದರು. ಅಕ್ಕಿಗಿರಣಿಗೂ ಪೂಜೆ, ಬಾಗಿಲು. ಇಡೀ ಶಿವಮೊಗ್ಗದಲ್ಲಿ ಒಂದು ಮೂಟೆ ಹೊಟ್ಟು ಹುಟ್ಟಲಿಲ್ಲ. ಅಷ್ಟರಲ್ಲಿ ಭಾಯ್ ಬಂದರು. ಹೊಸ ಬಿಳಿ ಅಂಗಿ, ಹೆಗಲ ಮೇಲೆ ಒಂದು ದೊಡ್ಡ ಮೂಟೆ. ಗುರ್ ಎನ್ನುವ ಸದ್ದು ಕೇಳಿ ಗೇಟಿನಲ್ಲೇ ನಿಂತುಬಿಟ್ಟರು.

“ಆನ್ ಮಾಡ್ಬಿಟ್ರಾ?” ಅವರ ಮುಖ ಬಿಳಿಚಿಕೊಂಡಿತು. “ಕ್ಯಾ ಮೇಡಂ, ಪೂಜೆ ಆದ್ಮೇಲೆ!”

“ಅದು ಮಿಷಿನ್ ಅಲ್ಲ ಕಣೋ” ಎಂದರು ದೊಡ್ಡಮ್ಮ. “ದನ.”

ಭಾಯ್ ನನ್ನನ್ನು ನೋಡಿದರು. ನಾನು ಆಕಾಶ ನೋಡಿದೆ. ದೊಡ್ಡಮ್ಮ ತಿನ್ನುವುದು, ಉಸಿರಾಡುವುದು, ಗೊಬ್ಬರ, ಕುಂಸಿಯ ಕೊಟ್ಟಿಗೆ ಎಲ್ಲವನ್ನೂ ಮತ್ತೊಮ್ಮೆ ಹೇಳಿದರು. ಭಾಯ್ ಗಂಭೀರವಾಗಿ ಕೇಳಿಸಿಕೊಂಡು, “ಉಸ್ತಾದ್ ಸ್ಪ್ಯಾನರ್ ಮುಟ್ಟಬೇಡ ಅಂದಿದ್ರು. ದನದ ವಿಷ್ಯ ಏನೂ ಹೇಳಿರಲಿಲ್ಲ” ಎಂದರು. “ಹಂಗಾದ್ರೆ ಸರಿ.”

“ಮೂಟೆಯಲ್ಲೇನು?” ಎಂದು ಕೇಳಿದೆ.

“ಮಂಡಕ್ಕಿ. ಶೆಡ್ಡಿನ ಪೂಜೆದು. ಪ್ರತಿ ವರ್ಷ ಗಿರಾಕಿಗಳಿಗೆಲ್ಲ ಹಂಚ್ತೀವಿ. ಖಾಲಿ ಕೈಲಿ ಹೆಂಗೆ ಬರೋದು?”

ಮಂಡಕ್ಕಿ! ಒಣಗಿದ್ದು, ಹಗುರವಾದದ್ದು, ನೀರು ಕಂಡರೆ ಹೀರಿಕೊಳ್ಳುವಂಥದ್ದು. ಸಾಂಬಾರಿನಲ್ಲಿ ಹಾಕಿ ನೋಡಿದವರಿಗೆಲ್ಲ ಗೊತ್ತು. ಹೊಟ್ಟಿನಷ್ಟು ದಿನ ತಡೆಯುವುದಿಲ್ಲ ನಿಜ, ಆದರೆ ನನಗೆ ಬೇಕಾಗಿದ್ದುದು ಒಂದು ದಿನ. ಪ್ರಸಾದದ ಮಂಡಕ್ಕಿಯನ್ನು ಕಸಕ್ಕೆ ಹಾಕುತ್ತೇನೆ ಎಂದು ಹೇಳಿದ್ದರೆ ಆ ಅಂಗಳದಲ್ಲಿ ನನ್ನ ಗತಿ ಏನಾಗುತ್ತಿತ್ತೋ. ಆದರೆ ಹಬ್ಬದ ದಿನ ದನಕ್ಕೆ ಮಂಡಕ್ಕಿ ತಿನ್ನಿಸಲು ಯಾರ ಅಡ್ಡಿಯಿದೆ? ದೊಡ್ಡಮ್ಮ ಮೊದಲ ಹಿಡಿಯನ್ನು ತಾವೇ ಹಾಕಿದರು. ಉಗ್ರಾಣದಲ್ಲಿದ್ದ ಇನ್ನೊಂದು ಮೂಟೆಯನ್ನೂ ಕೊಟ್ಟರು. ಭಾಯ್ ಹೊಸ ಅಂಗಿಯ ತೋಳು ಮಡಚಿ ಸಂಜೆಯವರೆಗೆ ನನ್ನ ಜೊತೆ ಮಂಡಕ್ಕಿ ಸುರಿದು, ಮಗುಚಿ, ಮತ್ತೆ ಸುರಿದರು. ಕತ್ತಲಾಗುವ ಹೊತ್ತಿಗೆ ಕೆಂಪು ಅಕ್ಷರ ಹಳದಿಯಾಯಿತು. ಹಸಿರಾಗಲಿಲ್ಲ.

ಮಾರನೆಯ ಬೆಳಿಗ್ಗೆಯೂ ಹಳದಿಯೇ. ಯಜಮಾನರು ರೇಷ್ಮೆ ಪಂಚೆಯಲ್ಲಿ ಹಿಂಭಾಗಕ್ಕೆ ಬಂದು, ಮೂಗನ್ನು ಆ ಕಡೆ ಈ ಕಡೆ ತಿರುಗಿಸಿ, ಏನೂ ಹೇಳದೆ ಹೋದರು. ಸುಳ್ಳು ಹೇಳುವುದಿಲ್ಲ, ವಾಸನೆ ಇತ್ತು. ಭಾರಿ ನಾತವಲ್ಲ, ಆದರೆ ಇಲ್ಲವೆನ್ನುವಂತೆಯೂ ಇರಲಿಲ್ಲ. ಊಟ ಮುಗಿಸಿದ ಬೀಗರು ಕೈತೊಳೆಯಲು ಬರುವುದೇ ಆ ಕಡೆಗೆ. ನಾನೂ ಭಾಯ್ ಅವರೂ ಬಾಳೆಕಂದಿನ ಮರೆಯಲ್ಲಿ ಕಳ್ಳರಂತೆ ನಿಂತೆವು. ಯಾರಾದರೂ ಕೇಳಿದರೆ ಇರಲಿ ಎಂದು ನಾನು ಲ್ಯಾಪ್‌ಟಾಪನ್ನೂ ತಂದಿದ್ದೆ.

ಬೀಗರ ಕಡೆಯ ಹಿರಿಯ ಹೆಂಗಸೊಬ್ಬರು ಕೈತೊಳೆಯುತ್ತ ಮೂಗು ಸುಕ್ಕಿಸಿದರು. “ಅದೇನ್ರೀ ಗುರ್ ಅಂತಿದೆ ಅಲ್ಲಿ?”

“ಅದಾ? ನಮ್ಮನೆ ದನ” ಎಂದರು ಪಕ್ಕದಲ್ಲೇ ಇದ್ದ ದೊಡ್ಡಮ್ಮ, ಮೊಮ್ಮಗಳ ಗುಣಗಾನ ಮಾಡುವ ದನಿಯಲ್ಲೇ. “ಊಟದ ಎಲೆ ಎಲ್ಲಾ ಅದೇ ತಿನ್ನೋದು. ಬನ್ನಿ, ತೋರಿಸ್ತೀನಿ.”

ನಾಲ್ಕಾರು ಹೆಂಗಸರು ಬಂದರು. ಒಬ್ಬರು ಬಾಳೆಹಣ್ಣಿನ ಸಿಪ್ಪೆ ಹಾಕಿದರು. ಇನ್ನೊಬ್ಬರು ಸಿಪ್ಪೆ ತೆಗೆದು ಹಣ್ಣನ್ನೇ ಹಾಕಿ, ನನ್ನ ಬ್ಲೋವರಿನ ಕೊಳವೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಸೆನ್ಸರು, ಮೋಟಾರು, ಫೋನಿಗೆ ಸುದ್ದಿ ಕಳಿಸುವ ಪೆಟ್ಟಿಗೆ ಯಾವುದರ ಬಗ್ಗೆಯೂ ಒಬ್ಬರೂ ಕೇಳಲಿಲ್ಲ. ಲ್ಯಾಪ್‌ಟಾಪು ಬ್ಯಾಗಿನಲ್ಲೇ ಉಳಿಯಿತು. ನನಗೆ ಅವಮಾನವಾಗುತ್ತಿದೆಯೋ ಹೆಮ್ಮೆಯಾಗುತ್ತಿದೆಯೋ ಗೊತ್ತಾಗದೆ ಸುಮ್ಮನೆ ಕೈಕಟ್ಟಿ ನಿಂತೆ.

ತಾಂಬೂಲ ಕೊಟ್ಟು ಬೀಗರನ್ನು ಕಳಿಸಿದ ಮೇಲೆ ಯಜಮಾನರು ಬಂದರು. “ಮಿಷಿನ್ ಇರ್ಲಿ ಮೇಡಂ” ಎಂದರು.

ಮಾತು ಅಲ್ಲಿಗೇ ನಿಲ್ಲಿಸಬೇಕಿತ್ತು. ಆದರೆ ನನಗೆ ಅವರ ಬಾಯಿಂದ ಕೇಳಬೇಕಿತ್ತು. “ವಾಸನೆ ಬರಲಿಲ್ಲ ಅಲ್ವಾ ಸರ್?”

“ಬಂತು. ಬರದೇ ಏನು? ನಾನು ಬೆಳಗ್ಗೆನೇ ನಿಮ್ಮನ್ನ ಕರೆದು ಹೇಳೋಣ ಅಂತಿದ್ದೆ. ಆದ್ರೆ ಬೀಗ್ರೇ ಅಂದ್ರು, ದನ ಅಂದ್ಮೇಲೆ ಅಷ್ಟು ಇದ್ದೇ ಇರತ್ತೆ, ಮನೇಲಿ ಒಂದು ದನ ಇದ್ರೆ ಲಕ್ಷಣ ಅಂತ. ಇನ್ನು ನಾನು ವಾಪಸ್ ಕಳಿಸ್ತೀನಿ ಅಂದ್ರೆ ಅಮ್ಮ ಬಿಡ್ತಾರಾ?” ಅವರು ಅಲ್ಲೇ ನಿಂತು ತಲೆ ಕೆರೆದುಕೊಂಡರು. “ಇನ್ನೊಂದು ವಿಷ್ಯ. ಮದುವೆ ಆದ್ಮೇಲೆ ಬೀಗರ ಊಟ ಇರತ್ತೆ. ಮಟನ್ನು, ಕೋಳಿ. ದನದ ಬಾಯಿಗೆ ಮೂಳೆ ಹಾಕಕ್ಕೆ ಬಿಡಲ್ಲ ಅಂತ ಅಮ್ಮ ಈಗಲೇ ಹಟ ಹಿಡಿದಿದಾರೆ. ಅದಕ್ಕೆ ಬೇರೆ ಒಂದು ಬೇಕಲ್ಲ?”

ಮೂಳೆಯನ್ನೂ ಇದೇ ಯಂತ್ರ ಅರಗಿಸಿಕೊಳ್ಳುತ್ತದೆ. ಅದನ್ನು ಸಾಧಿಸಲು ನಾನು ಪಟ್ಟ ಪಾಡು ದೇವರಿಗೇ ಗೊತ್ತು. “ಸರ್, ಬೇರೆ ಬೇಕಾಗಿಲ್ಲ, ಇದರಲ್ಲೇ...” ಎಂದು ಬಾಯಿ ತೆರೆದೆ. ಭಾಯ್ ನನ್ನ ಕಾಲನ್ನು ಬೂಟಿನಿಂದ ಒತ್ತಿ, ಒಂದು ಹೆಜ್ಜೆ ಮುಂದೆ ಬಂದರು.

“ಇದೆ ಸರ್. ಮೂಳೆಗೆ ಬೇರೆ ತಳಿ ಮಾಡ್ಕೊಡ್ತೀವಿ. ನಾಯಿ ತರ ಕಡೀಬೇಕು, ಅಷ್ಟೇ ತಾನೇ?”

“ಹಾಂ, ಅದೇ. ಅಂಥದ್ದೊಂದು ಮಾಡಿ. ಅಮ್ಮನಿಗೆ ಮೊದ್ಲೇ ಹೇಳ್ಬಿಡಿ ಅದು ನಾಯಿ ಅಂತ. ಪಕ್ಕದ ಛತ್ರದೋರೂ ದನ ನೋಡಕ್ಕೆ ಬರ್ತೀವಿ ಅಂದಿದಾರೆ” ಎಂದು ಯಜಮಾನರು ಹೊರಟರು.

ನಾನು ಗೇಟಿನ ಹೊರಗೆ ಹೋಗಿ ಕಾಲೇಜಿನ ಮುಖ್ಯಸ್ಥರಿಗೆ ಫೋನ್ ಮಾಡಿದೆ. ಹೇಳಬೇಕಾದ್ದನ್ನು ಸಾವಧಾನವಾಗಿ ಹೇಳಬೇಕೆಂದಿದ್ದೆ. ಅವರ ದನಿ ಕೇಳಿದ ಕೂಡಲೇ ಅಷ್ಟು ದಿನ ತಡೆದಿದ್ದ ಅಳು ಒಮ್ಮೆಗೇ ನುಗ್ಗಿಬಂತು.

“ಸರ್, ನಾನು ವಾಪಸ್ ಬರಲ್ಲ ಸರ್.”

“ಯಾಕಮ್ಮ, ಅಳ್ತಿದೀಯಾ? ಏನಾಯ್ತು? ಮಿಷಿನ್ ಏನಾಯ್ತು?”

“ಇಟ್ಕೊಂಡ್ರು ಸರ್. ಅದು ಮಿಷಿನ್ ಅಲ್ವಂತೆ ಸರ್, ದನ ಅಂತೆ. ಈಗ ಒಂದು ನಾಯಿ ಮಾಡ್ಕೊಡಿ ಅಂತಿದಾರೆ.”

ಅವರು ತುಂಬ ಮೆಲ್ಲಗೆ, ಜ್ವರ ಬಂದ ಮಗುವಿನ ಹತ್ತಿರ ಮಾತಾಡುವಂತೆ ಕೇಳಿದರು: “ಆಯ್ತಮ್ಮ, ಆಯ್ತು. ಅಲ್ಲಿ ನಿನ್ನ ಜೊತೆ ಯಾರಾದ್ರೂ ಇದ್ದಾರಾ? ಅವರ ಕೈಗೆ ಒಂದು ನಿಮಿಷ ಫೋನ್ ಕೊಡು.”